ನಿವೃತ್ತ ದೊಡ್ಡಪ್ಪನ ಹೆಸರಿನ ಮೇಲ್

ಲಸಿಕೆ ಗೋದಾಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳಿಗೆ ಜಿಗಣೆ ಎಂದೇ ಹೆಸರು. ಹಿಡಿದದ್ದನ್ನು ಬಿಟ್ಟವಳಲ್ಲ. ಹೆರಿಗೆ ನೋವಿನಲ್ಲೂ ಆಸ್ಪತ್ರೆಯ ಗಡಿಯಾರ ಹಿಂದಿದೆ ಎಂದು ಜಗಳ ತೆಗೆದಿದ್ದಳಂತೆ.

ಯಾವ ಫ್ರಿಜ್ ಬಿಸಿಯಾದರೂ ಸರ್ವರ್ ತಾನಾಗಿಯೇ ಅವಳ ಫೋನಿಗೆ ಮೇಲ್ ಕಳಿಸಬೇಕು. ಕಳೆದ ವಾರ ಒಂದು ಫ್ರಿಜ್ ಕೆಟ್ಟು ಒಲೆಯಂತಾದರೂ ಮೇಲ್ ಬರಲಿಲ್ಲ. ಮಕ್ಕಳ ಲಸಿಕೆಯೆಲ್ಲ ಹಾಳಾಯಿತು. ಇಂದು ಸಂಜೆ ಹೊಸ ಲಸಿಕೆಯ ಲಾರಿ ಬರುವುದಿತ್ತು. ಅಷ್ಟರೊಳಗೆ ಮೇಲ್ ಸರಿಯಾಗದಿದ್ದರೆ ಲಾರಿ ಹಾಗೇ ವಾಪಸ್ಸು.

“ಮೇಲ್ ಬರ್ಲಿಲ್ಲ, ಎಲ್ಲಾ ಚೆನ್ನಾಗಿದೆ ಅಂದ್ಕೊಂಡಿದ್ವಿ,” ಎಂದರು ಮ್ಯಾನೇಜರು.

“ಗೊರಕೆ ನಿಂತ್ರೆ ಗಂಡ ಎದ್ದ ಅಂತಾನೂ ಆಗಬಹುದು, ಹೋದ ಅಂತಾನೂ ಆಗಬಹುದು. ಎದ್ದು ನೋಡ್ಬೇಕಲ್ವಾ ಸಾರ್?”

ಅವಳು ಸರ್ವರ್‌ನಿಂದ ಒಂದು ಪರೀಕ್ಷೆಯ ಮೇಲ್ ಕಳಿಸಿದಳು. ಅದೂ ಹೊರಗೆ ಹೋಗದೆ, ಬಸ್ಸು ಬಾರದ ನಿಲ್ದಾಣದ ಜನದಂತೆ, ಹಳೆಯ ಮೇಲ್‌ಗಳ ಸಾಲಿಗೆ ಸೇರಿ ನಿಂತಿತು. ಕಾರಣ ಕೆದಕಿದಳು. ಕಳಿಸುವವರ ಖಾತೆಯೇ ಇಲ್ಲವಂತೆ! ಯಾರ ಖಾತೆ? ಸರ್ವರ್ ಕೂರಿಸಿದ್ದ, ಆಫೀಸಿಗೆಲ್ಲ ದೊಡ್ಡಪ್ಪನಾಗಿದ್ದ ಹಿರಿಯರದು. ಯಾರೇ ನಿವೃತ್ತರಾದರೂ ಬೀಳ್ಕೊಡುಗೆಯ ಟೀ ಆರುವ ಮೊದಲೇ ಅವರ ಖಾತೆ ಮುಚ್ಚುವುದು ಅಲ್ಲಿಯ ಪದ್ಧತಿ. ಕಳೆದ ತಿಂಗಳು ಇದನ್ನು ಮುಚ್ಚಿದವಳೂ ಜಿಗಣೆಯೇ.

ಸ್ಪೀಕರ್ ಹಾಕಿ ಅವರಿಗೆ ಫೋನ್ ಮಾಡಿದಳು. “ದೊಡ್ಡಪ್ಪಾ, ಸರ್ವರ್ ಮೇಲ್‌ಗೆ ನಿಮ್ಮ ಖಾತೆ ಯಾಕೆ ಕೊಟ್ರಿ?”

“ಬೇರೆ ಖಾತೆ ಕೇಳ್ದೆ ಕಣಮ್ಮಾ. ಮ್ಯಾನೇಜರು ‘ನೋಡೋಣ’ ಅಂದ್ರು. ನೋಡ್ತಾ ನೋಡ್ತಾ ನನ್ನ ಕೂದಲೆಲ್ಲಾ ಬೆಳ್ಳಗಾಯ್ತು!”

ಪಕ್ಕದಲ್ಲೇ ಇದ್ದ ಮ್ಯಾನೇಜರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. “ಆಯ್ತಮ್ಮಾ, ಆ ಹಳೇದನ್ನೇ ಮತ್ತೆ ತೆರೆದುಬಿಡು.”

“ಆಗಲ್ಲ ಸಾರ್. ನಾಳೆ ಇನ್ಯಾರೋ ಮುಚ್ತಾರೆ. ಸರ್ವರ್ ಹೆಸರಲ್ಲೇ ಒಂದು ಖಾತೆ ಕೊಡಿ, ಅದಕ್ಕೆ ನಿವೃತ್ತಿ ಇಲ್ಲ. ನೀವು ಒಪ್ಪಿಗೆ ಕೊಡೋವರೆಗೂ ನಾನಿಲ್ಲಿಂದ ಏಳಲ್ಲ.”

ಅವಳು ಏಳುವುದಿಲ್ಲ ಎಂದರೆ ಭೂಕಂಪವಾದರೂ ಎದ್ದಾಳೇ? ಮ್ಯಾನೇಜರು ಒಪ್ಪಿದರು.

ಹೊಸ ಖಾತೆ ಜೋಡಿಸಿದ್ದೇ ತಡ, ಸಾಲಿನಲ್ಲಿದ್ದ ಮೇಲ್‌ಗಳೆಲ್ಲ ಒಟ್ಟಿಗೆ ನುಗ್ಗಿ ಫೋನು ಮೈಮೇಲೆ ದೇವರು ಬಂದಂತೆ ನಡುಗಿತು.

“ಮುಗೀತಲ್ಲ!” ಎಂದರು ಮ್ಯಾನೇಜರು.

“ಇವೆಲ್ಲಾ ಹಳೇ ಸುದ್ದಿ ಸಾರ್.”

ಅಷ್ಟರಲ್ಲಿ ಗೇಟಿನಲ್ಲಿ ಲಾರಿಯ ಹಾರನ್ ಕೇಳಿತು. ಜಿಗಣೆ ಅತ್ತ ತಿರುಗಲಿಲ್ಲ. ಖಾಲಿ ಫ್ರಿಜ್ಜೊಂದರ ಬಾಗಿಲು ತೆರೆದು, ಒಳಗಿನ ತಾಪಮಾಪಕವನ್ನು ಎರಡು ಅಂಗೈಗಳ ನಡುವೆ ಮುಚ್ಚಿ ಹಿಡಿದು ನಿಂತಳು. ಮತ್ತೆ ಹಾರನ್. ಅವಳು ಅಲುಗಲಿಲ್ಲ.

ಜೇಬಿನಲ್ಲಿ ಫೋನು ಟಿಣ್ ಎಂದಿತು: ಫ್ರಿಜ್ ಬಿಸಿಯಾಗಿದೆ.

ಬಾಗಿಲು ಮುಚ್ಚಿದಳು. ಅದು ಮತ್ತೆ ತಣ್ಣಗಾಗುವವರೆಗೆ ಕಾದು, ಗೇಟಿನತ್ತ ಕೂಗಿದಳು:

“ಇಳಿಸ್ರಪ್ಪಾ!”