ಬೀಮಿನ ಸ್ವಂತ ತೂಕ

ಜ್ಯೇಷ್ಠ ಮುಗಿಯುತ್ತ ಬಂದಿತ್ತು. ಬೋಗಾದಿಯ ಹೊಸ ಬಡಾವಣೆಯಲ್ಲಿ ತುಂತುರು ಬೀಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ನಂಜುಂಡಸ್ವಾಮಿಯವರ ಮನೆಯ ತಾರಸಿಗೆ ಚಿಕ್ಕಯ್ಯ ಮೇಸ್ತ್ರಿಯ ಆಳುಗಳು ಬೆಳಗಿನಿಂದ ಕಂಬಿ ಕಟ್ಟುತ್ತಿದ್ದರು. ಮಾರನೇ ದಿನ, ಭಾನುವಾರ, ಕಾಂಕ್ರೀಟು. ಅಲ್ಲಿಗೆ ಹತ್ತಿರದಲ್ಲೇ ಇದ್ದ ಚಂದ್ರಮೌಳಿಯವರ ಕಚೇರಿಯಲ್ಲಿ, ಆ ಮನೆಯ ಲೆಕ್ಕ ಮಾಡಿದ್ದ ಎಂಜಿನಿಯರ್ ಕುಸುಮ, ಇನ್ನೊಂದು ಮನೆಗೆ ನಕಲು ಮಾಡಿಕೊಳ್ಳಲೆಂದು ಹಳೇ ಫೈಲು ತೆರೆದವಳು ಹಾಗೇ ಕುಳಿತುಬಿಟ್ಟಳು. ಸ್ವಂತ ತೂಕದ ಎದುರು ಸೊನ್ನೆ ಇತ್ತು.

ಚಂದ್ರಮೌಳಿಯವರದೊಂದು ಪದ್ಧತಿ. ಬೀಮು ಕಂಬಗಳಿಗೆ ತೂಕವೇ ಇಲ್ಲ ಎಂದುಕೊಂಡು ಸಾಫ್ಟ್‌ವೇರನ್ನು ಮೊದಲೊಮ್ಮೆ ಓಡಿಸಬೇಕು. ಗೋಡೆ, ತಾರಸಿ, ಜನರ ಭಾರವಷ್ಟೂ ಪಾಯಕ್ಕಿಳಿಯಿತೇ ಎಂದು ಕೈಲೆಕ್ಕಕ್ಕೆ ತಾಳೆ ನೋಡಬೇಕು. ಆಮೇಲೆ ಸೊನ್ನೆ ಅಳಿಸಿ ಒಂದು ಹಾಕಿದರೆ, ಪ್ರತಿ ಬೀಮಿನ ತೂಕವನ್ನೂ ಅದೇ ಸೇರಿಸಿಕೊಳ್ಳುತ್ತದೆ. ಕುಸುಮ ತಾಳೆ ನೋಡಿದ್ದಳು. ಕೂದಲೆಳೆಯಷ್ಟೂ ಆಚೀಚೆಯಾಗದೆ ಹೊಂದಿದ ಖುಷಿಯಲ್ಲಿ, ಸೊನ್ನೆ ಅಳಿಸುವುದನ್ನು ಮರೆತು ಅದನ್ನೇ ನಕ್ಷೆಗಿಳಿಸಿ ಕಳಿಸಿದ್ದಳು.

ಈಗ ಒಂದು ಹಾಕಿ ಓಡಿಸಿದಳು. ಪಾಯ, ಕಂಬ ತಡೆದವು. ನಡುಮನೆಯ ಎರಡು ಉದ್ದ ಬೀಮು ತಡೆಯದೆ ತೆರೆಯ ಮೇಲೆ ಕೆಂಪಾದವು.

"ಸರ್, ನಾಳೆ ಕಾಂಕ್ರೀಟು ಹಾಕಂಗಿಲ್ಲ."

ಚಂದ್ರಮೌಳಿ ಕನ್ನಡಕ ಏರಿಸಿ ನೋಡಿದರು. "ಬೀಳಲ್ಲ ಕಣಮ್ಮ. ಅಷ್ಟು ಹೆಚ್ಚಿಗೆ ಬಲ ಇಟ್ಟೇ ಇರ್ತೀವಲ್ಲ."

"ಅದು ಗೊತ್ತಿಲ್ದೆ ಆಗೋ ತಪ್ಪಿಗೆ ಸರ್. ಇದು ಗೊತ್ತಾಗೋಗಿದೆ."

"ಹಂಗಾದ್ರೆ ನೀನೇ ಹೋಗಿ ಹೇಳು. ನಂಜುಂಡಸ್ವಾಮಿ ಬಾಯಿ ಗೊತ್ತಲ್ಲ."

"ಹೇಳ್ತೀನಿ."

ತಾರಸಿ ಮೇಲೆ ಚಿಕ್ಕಯ್ಯ ಅವಳ ಮಾತು ಕೇಳಿ ತಲೆ ಕೆರೆದುಕೊಂಡ. "ಬೀಮಿನ ಅಡೀಕೆ ಇನ್ನೂ ಎರಡೆರಡು ಕಂಬೀನಾ? ಮೇಲೆಲ್ಲ ಹೆಣೆದಾಗಿದೆ ಕಣವ್ವ. ಬಿಚ್ಚಿ ಕಟ್ಟಕ್ಕೆ ನಾಳೆ ಬೈಗಾಯ್ತದೆ."

ನಂಜುಂಡಸ್ವಾಮಿ ಛತ್ರಿ ಮಡಿಸಿ ಅವಳ ಕಡೆ ತಿರುಗಿದರು. "ಯಾರ ತಪ್ಪು?"

"ನಂದೇ ಸರ್."

"ಮಂಗಳವಾರ ಅಮಾಸೆ, ಆಮೇಕೆ ಆಷಾಢ. ಉಳಿಯೋದು ಸೋಮವಾರ ಒಂದೇಯ. ಸೋಮವಾರ ನಮ್ಮನೇಲಿ ಬಾಡು ಮುಟ್ಟಲ್ಲ. ನಾಳೆ ಆಳುಗಳ ಊಟಕ್ಕೆ ಅಂತ ಮರಿ ಹೇಳ್ಬುಟ್ಟಿದೀನಿ."

"ನಾಳೆನೇ ಬಡಿಸಿ ಸರ್. ಕೆಲಸಕ್ಕೆ ಹೆಂಗೂ ಬತ್ತಾರೆ."

"ತಾರಸಿ ಮೋಲ್ಡು ಬೀಳೋಕೆ ಮುಂಚೆ ಬಾಡೂಟ ಯಾರ್ ಹಾಕ್ತಾರೆ? ಹೆರೋಕೆ ಮುಂಚೆ ನಾಮಕರಣನಾ?"

ಆಳುಗಳು ನಕ್ಕರು. ಕುಸುಮ ನಗಲಿಲ್ಲ. "ಬೇಕಾದ್ರೆ ಇನ್ನೂ ಬೈರಿ. ಆ ಕಂಬಿ ಕೂರದ ಹೊರತು ಕಾಂಕ್ರೀಟಿಗೆ ನಾನು ಒಪ್ಪಲ್ಲ."

ನಂಜುಂಡಸ್ವಾಮಿ ಬೈದರು, ಅವಳ ಓದನ್ನು ಬೈದರು, ಚಂದ್ರಮೌಳಿಯವರನ್ನೂ ಬಿಡಲಿಲ್ಲ. ಕುಸುಮ ಕೆಳಗಿಳಿಯಲಿಲ್ಲ. ಕೊನೆಗೆ ಅವರೇ, "ಬಿಚ್ಚೋ ಚಿಕ್ಕಯ್ಯ," ಎಂದು ಮೆಟ್ಟಿಲಿಳಿದು ಹೋದರು.

ಭಾನುವಾರವಿಡೀ ಅವಳು ಜಾರುವ ಹಲಗೆಗಳ ಮೇಲೆ ನಿಂತಿದ್ದು, ಹೊಸ ಕಂಬಿಯೊಂದೊಂದನ್ನೂ ಬಗ್ಗಿ ಮುಟ್ಟಿ ನೋಡಿದಳು. ಮರಿ ನೆಂಟರ ಪಾಲಾಯಿತು. ಸೋಮವಾರ ಮಳೆ ಬಿಡುವು ಕೊಟ್ಟಿತು, ತಾರಸಿಗೆ ಕಾಂಕ್ರೀಟು ಬಿತ್ತು. ಆಳುಗಳ ಎಲೆಗೆ ಕೋಸಂಬರಿ, ಹುಳಿ, ಪಾಯಸ ಬಿದ್ದವು.

"ಎಂಜಿನಿಯರಮ್ಮ," ಪಾಯಸ ಹೀರುತ್ತ ಚಿಕ್ಕಯ್ಯ ಕೂಗಿದ, "ಬಾಡೂಟ ನಿಮ್ ತಲೆ ಮೇಲೆ ಬಾಕಿ."

"ಆಷಾಢ ಬಂತಲ್ಲಣ್ಣ."

"ಆಷಾಢದಲ್ಲಿ ಮದುವೆ ಬ್ಯಾಡ ಅಂದವ್ರೆ. ಮರಿ ಕುಯ್ಬ್ಯಾಡಿ ಅಂತ ಯಾರಂದವ್ರೆ?"

ಕುಸುಮ ಹೂಂ ಎಂದಳು. ಆ ಮನೆಯ ಗೃಹಪ್ರವೇಶವಾದರೂ ಆ ಬಾಕಿ ತೀರಿರಲಿಲ್ಲ. ಸಿಕ್ಕಲ್ಲೆಲ್ಲ ಕೇಳುವುದನ್ನು ಚಿಕ್ಕಯ್ಯನೂ ಬಿಟ್ಟಿರಲಿಲ್ಲ.