ಮೊದಲು ಕತ್ತರಿ, ಆಮೇಲೆ ದಾರ

ಅಂಗಿಯ ಗುಂಡಿ ತೂರುವ ಕಂಡಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಆ ಮನೆಯ ಹಿರಿಸೊಸೆ ಕೈಯಲ್ಲಿ ಹೊಲಿದ ಕಾಜಾ ನೋಡಿ ಬಟ್ಟೆಯಂಗಡಿಯವನೇ, "ಅಂಗಿ ಹರಿದ್ರೂ ಇದು ಹರಿಯೋದಿಲ್ಲಮ್ಮ" ಎಂದಿದ್ದ. ಆ ಮಾತನ್ನು ಅವಳು ಒಡವೆಯಂತೆ ತೊಟ್ಟು ಓಡಾಡುತ್ತಿದ್ದಳು.

ಕಿರಿಸೊಸೆ ತನ್ನ ಸರ ಮಾರಿ ಕಾಜಾ ಮಿಷನ್ ತಂದ ಮೇಲೆ ಆ ಒಡವೆಗೆ ಕಿಲುಬು ಹಿಡಿಯಿತು. ಹಿರಿಯವಳು ಒಂದು ಅಂಗಿ ಮುಗಿಸುವಷ್ಟರಲ್ಲಿ ಕಿರಿಯವಳ ಪಕ್ಕ ರಾಶಿಯೇ ಏಳುತ್ತಿತ್ತು. ಅಂಗಡಿಯಿಂದ ಬರುವ ಅಂಗಿಗಳ ಮೂಟೆ ಈಗ ನೇರ ಅವಳ ಕೋಣೆಗೇ ಹೋಗುತ್ತಿತ್ತು. ಹಿರಿಯವಳಿಗೆ ಉಳಿದದ್ದು ಗುಂಡಿ ಹಚ್ಚುವ ಕೆಲಸ. ಮಿಷನ್ ಟರ್ರೆಂದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಕೆಂಡ ಆಡಿಸಿದಂತಾಗುತ್ತಿತ್ತು.

ಅತ್ತೆ ಬೇರೆ ಗಾಯಕ್ಕೆ ಉಪ್ಪು ಸವರುತ್ತಿದ್ದರು. "ಇಬ್ಬರಿಗೂ ಇರೋದು ಎರಡೇ ಕೈ. ಚಿಕ್ಕವಳು ಕೈಕೆಳಗೆ ಒಂದು ಕಬ್ಬಿಣ ಇಟ್ಕೊಂಡ್ಳು, ನಾಲ್ಕಾಳಿನ ಕೆಲಸ ತೆಗೀತಾಳೆ."

"ದುಡಿಯೋದು ಕಬ್ಬಿಣ ಅತ್ತೆ. ಅವಳು ಪಕ್ಕದಲ್ಲಿ ಕೂತಿರ್ತಾಳೆ ಅಷ್ಟೆ."

"ಹಾಗಾದ್ರೆ ನೀನೂ ಕೂತು ತೋರ್ಸು, ನೋಡೋಣ."

ಮಾತು ನಾಟಿತು. ಕಿರಿಯವಳು ದಾರ ತರಲು ಪೇಟೆಗೆ ಹೋದ ಮಧ್ಯಾಹ್ನ ಹಿರಿಯವಳು ಆ ಕೋಣೆಗೆ ಹೊಕ್ಕಳು. ಅವಳು ಬರುವುದರೊಳಗೆ ಮೂಟೆ ಖಾಲಿ ಮಾಡಿ ಮುಖಕ್ಕೆ ಹಿಡಿಯಬೇಕು. ಬೇಗ ಆಗಲೆಂದು ಮೊದಲು ಅಷ್ಟೂ ಅಂಗಿಗಳಿಗೆ ಕಣ್ಣಳತೆಯಲ್ಲೇ ಕತ್ತರಿಯಿಂದ ಸೀಳು ಕೊಟ್ಟಳು. ಕೈಕಾಜಾಕ್ಕೆ ಅದೇ ಕ್ರಮ: ಮೊದಲು ಕತ್ತರಿ, ಆಮೇಲೆ ದಾರ.

ಅಂಗಿ ಕೊಟ್ಟು ಮಿಷನ್ ತುಳಿದಳು. ಸೂಜಿ ಸೀಳಿನ ಅಂಚನ್ನೆಳೆದು ಮುದ್ದೆ ಮಾಡಿತು. ಕೊನೆಗೆ ಪುಟ್ಟ ಬ್ಲೇಡೊಂದು ಇಳಿದು, ಉಳಿದಿದ್ದ ಮಾನವನ್ನೂ ಕತ್ತರಿಸಿತು. ಮಿಷನ್ನಿನ ಕ್ರಮವೇ ತಿರುಗಾಮುರುಗಾ. ಮೊದಲು ಹೊಲಿದು, ಆಮೇಲೆ ತಾನೇ ಸೀಳುತ್ತದೆ.

ಕಿರಿಯವಳು ಬಾಗಿಲಲ್ಲಿ ನಿಂತಿದ್ದಳು.

"ನಿನ್ನ ಮಿಷನ್ ಕೆಟ್ಟಿದೆ," ಎಂದಳು ಹಿರಿಯವಳು.

ಕಿರಿಯವಳು ಒಂದಂಗಿ ಎತ್ತಿ ನೋಡಿದಳು, ಇನ್ನೊಂದು ನೋಡಿದಳು. "ಎಲ್ಲಕ್ಕೂ ಸೀಳು ಕೊಟ್ಟಿದ್ದೀಯಾ ಅಕ್ಕಾ?"

"ಹೂಂ."

"ಮೊದಲ ದಿನ ನಾನೂ ಇದನ್ನೇ ಮಾಡಿದ್ದೆ. ನಿನ್ನ ಮೈದುನನ ಅಂಗಿ, ಪುಣ್ಯಕ್ಕೆ. ಈಗ ಇವಕ್ಕೆಲ್ಲ ಕೈಯೇ ಗತಿ. ಸೂಜಿ ಕೊಡು."

ಬೈದಿದ್ದರೆ ಹಿರಿಯವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಿಷನ್ನೂ ಅವಳದೇ, ದೊಡ್ಡತನವೂ ಅವಳದೇ ಎಂದರೆ ಯಾರು ತಡೆದುಕೊಳ್ಳಬೇಕು? ಇಬ್ಬರೂ ಚಾಪೆಯ ಮೇಲೆ ಕೂತು ಹೊಲಿದರು. ಕೊನೆಯ ಅಂಗಿ ಮುಗಿಯುವ ಹೊತ್ತಿಗೆ ಹಿರಿಯವಳು ತಲೆಯೆತ್ತದೆ, "ನಾಳೆ ನಂಗೂ ಅದನ್ನ ಹೇಳ್ಕೊಡು" ಎಂದಳು. ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು.

ಬೆಳಗ್ಗೆ ಹಿರಿಯವಳು, ಮಧ್ಯಾಹ್ನ ಕಿರಿಯವಳು ಎಂದು ಪಾಳಿಯಾಯಿತು. ಕಿರಿಯವಳು ಪ್ರತಿ ಅಂಗಿಗೂ ಸೀಮೆಸುಣ್ಣದ ಚೂರಿನಿಂದ ಕಾಜಾದ ಗುರುತು ಹಾಕಿಕೊಂಡೇ ಹೊಲಿಯುವವಳು. ಹಿರಿಯವಳ ಬೆರಳಿಗೆ ಗುರುತು ಬೇಕಿರಲಿಲ್ಲ. ಅಂಗಿಯ ಮುಂಪಟ್ಟಿ ಸವರಿದರೆ ಜಾಗ ಸಿಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ಬೆಳಗಿನ ರಾಶಿ ಮಧ್ಯಾಹ್ನದ್ದಕ್ಕಿಂತ ಎತ್ತರ ಬೆಳೆಯಿತು.

ಒಂದು ದಿನ ಕಿರಿಯವಳು ನೀರು ಕುಡಿಯುವ ನೆಪದಲ್ಲಿ ಒಳಬಂದು ರಾಶಿ ನೋಡಿದಳು. ಹೋದವಳು ಮತ್ತೆ ಬಂದಳು.

"ಅಕ್ಕಾ, ಇವತ್ತು ಬೇಗ ಕೂತ್ಯಾ?"

"ಇಲ್ವಲ್ಲ. ದಿನದ ಹೊತ್ತಿಗೇ."

"ಓಹೋ," ಎಂದಳು ಕಿರಿಯವಳು. ಮುಖ ಒಂದು ಸುತ್ತು ಸಣ್ಣದಾಗಿತ್ತು.

ಹಿರಿಯವಳಿಗೆ ಎಷ್ಟೋ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು. ಮುಂದಿನ ಅಂಗಿಗೆ ಕೈ ಹಾಕಿದಳು.