ಕೋಳಿಗಳ ಕೋಟು

ಮೂರು ವಾರದಿಂದ ಅಕ್ಕನಿಗೆ ಒಂದೇ ರಗಳೆ. ಅವಳೂ ತಮ್ಮನೂ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮಾಡಿದ ಕೋಳಿ ಸಾಕುವ ವಿಡಿಯೋ ಗೇಮು ಊರೆಲ್ಲ ಆಡುತ್ತಿತ್ತು, ನಿಜ. ಆದರೆ ಆಡುವವರು ಸುಮ್ಮನೆ ಆಡಬೇಕಲ್ಲ, ಗೇಮಿಗೆ ತಮ್ಮದೇ ಮಾಡ್‌ಗಳನ್ನು, ಅಂದರೆ ಮಾರ್ಪಾಡುಗಳನ್ನು, ತಯಾರಿಸಿ ಅಂಟಿಸುತ್ತಿದ್ದರು. ಒಬ್ಬ ಕೋಳಿಗೆ ಮೀಸೆ ಇಟ್ಟ, ಇನ್ನೊಬ್ಬಳು ಗೂಡಿಗೆ ಲಿಫ್ಟ್ ಹಾಕಿದಳು. ಆಮೇಲೆ ಗೇಮು ಆಮೆ ಥರ ತೆವಳಿದರೆ ಬೈಗುಳ ಮಾತ್ರ ಅಕ್ಕನ ಪಾಲಿಗೆ.

"ಯಾರದೋ ಮೀಸೆಗೆ ನಾವ್ಯಾಕೆ ತಲೆ ಕೆಡಿಸ್ಕೋಬೇಕು? ಇವತ್ತೇ ಮಾಡ್ ಎಲ್ಲ ಬಂದ್ ಮಾಡು," ಎಂದ ತಮ್ಮ. ಗೇಮಿನ ಹೊಸ ಭಾಗದ ಕೆಲಸ ಒಂದಿಂಚೂ ಕದಲಿರಲಿಲ್ಲ. ಅಕ್ಕ ಪ್ರಕಟಣೆ ಬರೆದೂಬಿಟ್ಟಳು. ಕಳಿಸುವ ಮುಂಚೆ, ಅಸಲಿ ಕಳ್ಳ ಯಾರೆಂದು ಒಂದು ಸಲ ನೋಡೇಬಿಡೋಣ ಅನ್ನಿಸಿತು.

ಅರ್ಧ ಮಾಡ್ ತೆಗೆದು ಗೇಮು ಓಡಿಸಿ ನೋಡಿದಳು, ಉಳಿದದ್ದರಲ್ಲಿ ಮತ್ತರ್ಧ ತೆಗೆದಳು. ಕೊನೆಗೆ ಸಿಕ್ಕಿದ್ದು ಕೋಳಿಗಳಿಗೆ ಕೋಟು ತೊಡಿಸುವ ಮಾಡ್. ಬಿಚ್ಚಿ ನೋಡಿದರೆ ಒಂದೊಂದು ಹೊಲಿಗೆಯನ್ನೂ ಬೇರೆ ಬೇರೆಯಾಗಿ ಹಾಕಿದ್ದಾರೆ. ಸಾಲದ್ದಕ್ಕೆ ಒಳಗಡೆ ಯಾರಿಗೂ ಕಾಣದ ಅಸ್ತರಿನ ಬಟ್ಟೆ, ಅದರ ಮೂಲೆಯಲ್ಲೊಂದು ಕೆಂಪು ಗಂಟು. ಅಕ್ಕನ ಶಾಲೆಯ ಕೋಟಿನಲ್ಲೂ ಅಂಥದ್ದೇ ಗಂಟಿತ್ತು. ಅವಳು ಸೀದಾ ಕೆಳಗಿಳಿದಳು.

ಕೆಳಮನೆಯ ದೊಡ್ಡಮ್ಮ ನಲವತ್ತು ವರ್ಷ ಟೈಲರ್ ಆಗಿದ್ದವರು, ಆ ಶಾಲೆಯ ಕೋಟು ಹೊಲಿದವರೂ ಅವರೇ. ಈಗ ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ, ದೊಡ್ಡ ಪರದೆಯ ಮುಂದೆ ಕೂತಿದ್ದರು.

"ದೊಡ್ಡಮ್ಮಾ, ಯಾರಿಗೂ ಕಾಣದ ಅಸ್ತರು ಯಾಕೆ?"

"ಕಾಣಲ್ಲ ಅಂತ ಬಿಟ್ರೆ ಅದು ಕೋಟಾಗುತ್ತೇನೇ? ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕೇಳಲ್ಲ ಈಗ. ಈ ಪರದೇಲಾದ್ರೆ ಬೇಕಾದಷ್ಟು ದೊಡ್ಡದು ಮಾಡ್ಕೊಂಡು ಹೊಲೀಬಹುದು."

ಅಕ್ಕ ಪ್ರಕಟಣೆಯ ಮಾತೆತ್ತಲಿಲ್ಲ. "ಗೇಮು ನಿಧಾನ ಆಗ್ತಿದೆ," ಎಂದಷ್ಟೇ ಹೇಳಿದಳು.

"ನನ್ನಿಂದಲಾ? ಬಿಚ್ಚಿಹಾಕೋಣ ಬಿಡು. ಆದ್ರೆ ಒಂದು ಕೇಳ್ತೀನಿ. ಅಳತೆ ತಗೊಳ್ಳೋಕೆ ಗೂಡಿನ ಗೋಡೆ ತೆಗೆದು ನೋಡಿದ್ದೆ. ಯಾರೂ ನೋಡದಿದ್ರೂ ನಿನ್ನ ಕೋಳಿಗಳು ಒಳಗಡೆ ಕುಣೀತಾನೇ ಇರ್ತವಲ್ಲ, ಅದ್ಯಾಕೆ?"

ಅಕ್ಕ ಪೆಚ್ಚಾದಳು. ಗೂಡು ಸೇರಿದ ಕೋಳಿಗಳನ್ನು ಸುಮ್ಮನಾಗಿಸಲು ಅವಳೇ ಮರೆತಿದ್ದಳು, ಅದೂ ಮೊದಲ ದಿನದಿಂದ. ಕಾಣದ ಆ ಕುಣಿತವೇ ಗೇಮಿನ ಅರ್ಧ ಶಕ್ತಿ ನುಂಗುತ್ತಿತ್ತು, ಕೋಟು ಅದರ ಮೇಲಿನ ಭಾರವಷ್ಟೆ. ಮೂರು ವಾರ ಊರವರ ಮೇಲೆ ಗೂಬೆ ಕೂರಿಸಿದ್ದೇ ಬಂತು.

ಸಂಜೆಯೊಳಗೆ ಅಕ್ಕ ಕುಣಿತ ನಿಲ್ಲಿಸಿದಳು, ದೊಡ್ಡಮ್ಮ ಹೊರಗಿನ ಹೊಲಿಗೆಗಳನ್ನೆಲ್ಲ ಒಂದೇ ಚಿತ್ರಕ್ಕೆ ಇಳಿಸಿದರು. ಗೇಮು ನೀರು ಹರಿದ ಹಾಗೆ ಓಡಿತು.

"ಪ್ರಕಟಣೆ ಹೋಯ್ತಾ?" ಎಂದ ತಮ್ಮ.

"ಅಳಿಸಿದೆ."

"ಮತ್ತೆ ಆ ಅಸ್ತರು?"

"ಅದಿರಲಿ ಅಂದೆ," ಎಂದಳು ಅಕ್ಕ. "ನನ್ನ ಕೋಳಿಗಳು ಸುಮ್ಮನಾದವಲ್ಲ, ಅಸ್ತರಿಗೆ ಜಾಗ ಆಯ್ತು."